ನಾಳಿನ ಮೇಷ್ಟ್ರಿಗೆ ಸಿದ್ದಾಪುರದ ಬಂಡೆ ಹೇಳುವ ಪಾಠ

ಮಕ್ಕಳೇ, ಶಾಲೆಯ ವಾರ್ಷಿಕೋತ್ಸವಕ್ಕೋ ಶಿಕ್ಷಕರ ದಿನಾಚರಣೆಗೋ ದೊಡ್ಡವರು ಯಾರಾದರೂ ಬಂದು ಭಾಷಣ ಮಾಡುವುದನ್ನು ನೀವೆಲ್ಲ ಕೇಳಿದ್ದೀರಿ. ಹಾರ ಹಾಕುತ್ತಾರೆ. ಮೈಕು ಒಮ್ಮೆ ಕುಂಯ್ ಎನ್ನುತ್ತದೆ. "ಕಷ್ಟಪಟ್ಟು ಓದಿ, ಮುಂದೆ ಬನ್ನಿ" ಎಂದು ಹೇಳುತ್ತಾರೆ. ಜೋರಾಗಿ ಚಪ್ಪಾಳೆ ಬೀಳುತ್ತದೆ. ಸಂಜೆ ಮನೆಗೆ ಬಂದಾಗ ಅಜ್ಜಿ "ಏನು ಹೇಳಿದ್ರು ಮಗಾ?" ಎಂದು ಕೇಳಿದರೆ "ಚೆನ್ನಾಗಿ ಮಾತಾಡಿದ್ರಜ್ಜಿ" ಎನ್ನುತ್ತೀರಿ. ಅಷ್ಟೇ. ಅದರಾಚೆ ಒಂದು ಮಾತೂ ನೆನಪಿಗೆ ಬರುವುದಿಲ್ಲ.

ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಚಿತ್ರದುರ್ಗ ಸೀಮೆಗೆ ಒಂದು ಮಾತು ಬಂದು ಮುಟ್ಟಿತು. ಅದು ಈಗಲೂ ಅಲ್ಲೇ ಇದೆ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರಕ್ಕೆ ಹೋದರೆ ಬಂಡೆಯ ಮೇಲೆ ಆ ಅಕ್ಷರಗಳನ್ನು ಇಂದಿಗೂ ನೋಡಬಹುದು. ಆ ಊರನ್ನು ಜನ ಅಶೋಕ ಸಿದ್ದಾಪುರ ಎಂದೇ ಕರೆಯುವುದು ಇದೇ ಕಾರಣಕ್ಕೆ.

"ದೊಡ್ಡವಳಾದ ಮೇಲೆ ನಾನು ಟೀಚರ್ ಆಗ್ತೀನಿ" ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಡಿ.ಎಡ್., ಬಿ.ಎಡ್. ಓದುತ್ತಿರುವ ಅಕ್ಕ ಅಣ್ಣಂದಿರು ಕೆಲವರ ಮನೆಯಲ್ಲಿದ್ದಾರೆ. ಈ ವಾರದ ಮಾತು ಅವರಿಗೆಂದೇ. ಅಜ್ಜ ಅಜ್ಜಿಯರೇ, ನೀವು ಗಟ್ಟಿಯಾಗಿ ಓದಿ ಹೇಳಿದರೆ ಇನ್ನೂ ಚೆನ್ನ. ಏಕೆಂದರೆ ಆ ಬಂಡೆಯ ಮಾತು ಕೂಡ ಮೊದಲು ಊರಿಗೆ ತಲುಪಿರುವುದು ಯಾರೋ ಓದಿ ಹೇಳಿದ್ದರಿಂದಲೇ ಇರಬೇಕು.

ಮೂರು ಬಂಡೆ, ಒಂದೇ ಮಾತು

ಕಳಿಂಗ ಯುದ್ಧದ ಕಥೆ ನಿಮ್ಮ ಸಮಾಜ ವಿಜ್ಞಾನದ ಪಾಠದಲ್ಲಿ ಬಂದಿರುತ್ತದೆ. ಯುದ್ಧದಲ್ಲಿ ಗೆದ್ದ ಅಶೋಕ ಚಕ್ರವರ್ತಿ, ಸತ್ತವರನ್ನೂ ಸೆರೆಸಿಕ್ಕವರನ್ನೂ ನೆನೆದು ನೊಂದ. ಆಮೇಲೆ ತನ್ನ ಮಾತನ್ನು ಕಲ್ಲುಗಳ ಮೇಲೆ ಕೆತ್ತಿಸಿ ನಾಡಿನ ಮೂಲೆಮೂಲೆಗೆ ಮುಟ್ಟಿಸಿದ. ಅಂಥ ಶಾಸನಗಳು ಸಿದ್ದಾಪುರದ ಸುತ್ತ ಮೂರು ಕಡೆ ಇವೆ. ಒಂದು ಬ್ರಹ್ಮಗಿರಿಯಲ್ಲಿ, ಒಂದು ಸಿದ್ದಾಪುರದಲ್ಲಿ, ಇನ್ನೊಂದು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ. ಜಟಾಯು ಬಿದ್ದ ಜಾಗ ಎಂದು ಅಜ್ಜಿಯರು ಕಥೆ ಹೇಳುವುದು ಇದೇ ಬೆಟ್ಟದ ಬಗ್ಗೆ.

ಈ ಬಂಡೆಗಳಿಗೆ ಜನ ಇಟ್ಟ ಹೆಸರುಗಳನ್ನು ಕೇಳಿ. ಬ್ರಹ್ಮಗಿರಿಯದು ಅಕ್ಷರಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಸಿದ್ದಾಪುರದ್ದು ಯೆನಮನ ತಿಮ್ಮಯ್ಯನ ಗುಂಡ್ಲು, ಅಂದರೆ ಎಮ್ಮೆ ಕಾಯುವ ತಿಮ್ಮಯ್ಯನ ಬಂಡೆಗಳು. ಚಕ್ರವರ್ತಿ ಬರೆಸಿದ ಕಲ್ಲಿಗೆ ಎಮ್ಮೆ ಕಾಯುವವನ ಹೆಸರು! ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾತು ಬಂದ ದಾರಿಯೂ ಬಂಡೆಯ ಮೇಲೇ ಇದೆ. ಸುವರ್ಣಗಿರಿ ಎಂಬಲ್ಲಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಇದನ್ನು ಕಳಿಸಿದರು. ಮಹಾಮಾತ್ರರೆಂದರೆ ದೊಡ್ಡ ಅಧಿಕಾರಿಗಳು. ಮೊದಲು "ಆರೋಗ್ಯವಾಗಿದ್ದೀರಾ" ಎಂಬ ಕುಶಲ ಪ್ರಶ್ನೆ, ಆಮೇಲೆ ವಿಷಯ. ನಮ್ಮ ಹಳೆಯ ಕಾಗದಗಳಲ್ಲಿ "ಉಭಯ ಕುಶಲೋಪರಿ" ಎಂದು ಬರೆಯುತ್ತಿದ್ದರಲ್ಲ, ಹಾಗೆ. ನಂತರ "ದೇವಾನಾಂಪ್ರಿಯ ಹೀಗೆ ಹೇಳುತ್ತಾನೆ" ಎಂದು ಭಾಷಣ ಶುರುವಾಗುತ್ತದೆ. ದೇವಾನಾಂಪ್ರಿಯ, ಅಂದರೆ ದೇವರಿಗೆ ಪ್ರಿಯನಾದವನು, ಅಶೋಕನ ಬಿರುದು.

ಮೊದಲ ಪಾಠ: ತನ್ನ ಕೊರತೆಯಿಂದ ಶುರು ಮಾಡಿದ ರಾಜ

ಅಷ್ಟು ದೊಡ್ಡ ಚಕ್ರವರ್ತಿ ಮೊದಲು ಏನು ಹೇಳಬಹುದು? ನಾನು ಇಷ್ಟು ರಾಜ್ಯ ಗೆದ್ದೆ, ನನಗೆ ಇಷ್ಟು ಆನೆ ಕುದುರೆಗಳಿವೆ ಎನ್ನಬಹುದಿತ್ತು. ಆತ ಹಾಗೆ ಹೇಳಲಿಲ್ಲ. ಆತ ಹೇಳಿದ ಮಾತಿನ ಸಾರ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲ ಒಂದು ವರ್ಷ ನಾನು ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಈ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ಶ್ರಮಿಸುತ್ತಿದ್ದೇನೆ.

ರಾಜನೊಬ್ಬ ಒಂದು ವರ್ಷ ತಾನು ಹಿಂದೆ ಬಿದ್ದಿದ್ದೆ ಎಂಬುದನ್ನು ಕಲ್ಲಿನ ಮೇಲೆ, ಎಲ್ಲರಿಗೂ ಕಾಣುವಂತೆ ಕೆತ್ತಿಸಿದ. ಕಲ್ಲಿನ ಮೇಲೆ ಕೆತ್ತಿದ್ದನ್ನು ಆಮೇಲೆ ಒರೆಸಲು ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ನಾಳಿನ ಮೇಷ್ಟ್ರಿಗೆ ಇದೇ ಮೊದಲ ಪಾಠ. ಮಗ್ಗಿ ಬಾರದ ಮಗುವಿನ ಮುಂದೆ "ನಿನ್ನ ವಯಸ್ಸಿಗೆ ನಾನು ಇಪ್ಪತ್ತರ ಮಗ್ಗಿ ಉಲ್ಟಾ ಹೇಳ್ತಿದ್ದೆ" ಎಂದರೆ ಮಗು ಇನ್ನಷ್ಟು ಕುಗ್ಗುತ್ತದೆ. "ಏಳರ ಮಗ್ಗಿ ನನಗೂ ತುಂಬ ದಿನ ಹಿಡೀತು, ಬಾ, ಹೇಗೆ ಕಲಿತೆ ಅಂತ ತೋರಿಸ್ತೀನಿ" ಎಂದರೆ ಅದೇ ಮಗು ಎದ್ದು ಕಪ್ಪು ಹಲಗೆಯ ಹತ್ತಿರ ಬರುತ್ತದೆ. ಕಲಿಯುವುದು ಎಷ್ಟು ಕಷ್ಟ ಎಂಬುದು ಮರೆತುಹೋದವರಿಗೆ ಕಲಿಸುವುದು ಬರುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರಿಗೆ ಶಾಲಾ ಕಾಲೇಜುಗಳ ಶಿಕ್ಷಕರು ಬಂದು ವಿಜ್ಞಾನ, ಗಣಿತದ ತರಬೇತಿ ಪಡೆಯುತ್ತಾರೆ. ವರ್ಷಗಟ್ಟಲೆ ಪಾಠ ಹೇಳಿದ ಮೇಷ್ಟ್ರು, ಮೇಡಂಗಳು ಮತ್ತೆ ಬೆಂಚಿನಲ್ಲಿ ಕುಳಿತು ಕೈ ಎತ್ತಿ ಪ್ರಶ್ನೆ ಕೇಳುತ್ತಾರೆ, ಪ್ರಯೋಗ ಮಾಡುತ್ತಾರೆ. ನಿಮ್ಮ ಮೇಷ್ಟ್ರು ತರಬೇತಿಗೆಂದು ಹೋದರೆ "ಹೈ, ಕ್ಲಾಸಿಲ್ಲ" ಎಂದು ಕುಣಿಯುವುದು ಇದ್ದದ್ದೇ. ಅವರು ವಾಪಸ್ ಬಂದಾಗ "ಏನು ಕಲಿತ್ರಿ ಸಾರ್?" ಎಂದು ಒಮ್ಮೆ ಕೇಳಿ ನೋಡಿ.

ಎರಡನೇ ಪಾಠ: ಸಣ್ಣವನಿಗೂ ಸಾಧ್ಯ

ಈಗ ಬಂಡೆಯ ಮಾತಿನ ತಿರುಳಿಗೆ ಬರೋಣ. ಇದು ಶ್ರಮದ ಫಲ, ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವನೂ ಶ್ರಮಪಟ್ಟರೆ ದೊಡ್ಡ ಸ್ವರ್ಗವನ್ನೇ ಪಡೆಯಬಲ್ಲ ಎಂದು ಅಶೋಕ ಹೇಳುತ್ತಾನೆ. ಸಣ್ಣವನಿಗೆ ಶಾಸನದ ಪ್ರಾಕೃತ ಭಾಷೆಯಲ್ಲಿ "ಖುದಕ" ಎಂಬ ಮಾತಿದೆ. ನಾವು ಕ್ಷುದ್ರ ಎನ್ನುವ ಪದದ ನೆಂಟ ಅದು. ಶ್ರಮಕ್ಕೆ "ಪಕಮ" ಎಂಬ ಮಾತಿದೆ. ಸಣ್ಣವರೂ ದೊಡ್ಡವರೂ ಇಬ್ಬರೂ ಶ್ರಮಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂಬುದಕ್ಕಾಗಿಯೇ ಈ ಮಾತನ್ನು ಸಾರಿದ್ದೇನೆ ಎಂದು ಉದ್ದೇಶವನ್ನೂ ಹೇಳಿದ್ದಾನೆ.

ಎಮ್ಮೆ ಕಾಯುವ ತಿಮ್ಮಯ್ಯನನ್ನು ಈಗ ನೆನೆಸಿಕೊಳ್ಳಿ. ಸಣ್ಣವನಿಗೂ ಸಾಧ್ಯ ಎಂದು ಬರೆದ ಬಂಡೆಗೆ ದನ ಕಾಯುವವನ ಹೆಸರು ಅಂಟಿಕೊಂಡಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ನೋಡಿ.

ಅಜ್ಜ ಅಜ್ಜಿಯರೇ, ಇಲ್ಲಿ ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಮಳೆ ಕಡಿಮೆ. ಶೇಂಗಾ ಕೈ ಕೊಟ್ಟ ವರ್ಷ ಮನೆಮಂದಿಯೆಲ್ಲ ಕೂಲಿಗೆ ಬೇರೆ ಊರಿಗೆ ಹೋಗುವುದುಂಟು. ಕುರಿಯ ಹಿಂದೆ ಹೋಗುವ ಹುಡುಗ, ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು ನೋಡಿಕೊಳ್ಳುವ ಹುಡುಗಿ, ಅಮ್ಮನ ಜೊತೆ ಮಗ್ಗದ ಮುಂದೆ ಕೂರುವ ಮಗು ಇವರೆಲ್ಲ ಶಾಲೆಗೆ ಬರುವವರೇ. ಎಷ್ಟೋ ಮನೆಗಳಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರು. ಅಂಥ ಮಗು ಒಂದೆರಡು ತಿಂಗಳು ಶಾಲೆ ತಪ್ಪಿಸಿ ವಾಪಸ್ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಆಗ "ಇವನ ತಲೆಗೆ ಹತ್ತಲ್ಲ ಬಿಡಿ" ಎಂಬ ಒಂದು ಮಾತು ಬಿದ್ದರೆ ಸಾಕು. ಮಗು ಅದನ್ನು ನಂಬಿಬಿಡುತ್ತದೆ. ಹಾಗೆ ನಂಬಿದ ಮಗು ಮಾರನೆಯ ದಿನ ಶಾಲೆಗೆ ಬಂದರೂ ಬರೀ ಕೂತಿರುತ್ತದೆ. ಸ್ವಲ್ಪ ದಿನಕ್ಕೆ ಕೂರುವುದಕ್ಕೂ ಬರುವುದಿಲ್ಲ.

ಈ ಮಾತನ್ನು ಶಾಲೆಯಲ್ಲಿ ಮಾತ್ರ ಆಡುತ್ತಾರೆಂದಲ್ಲ. ಮನೆಯಲ್ಲೂ ಆಡುತ್ತೇವೆ. "ನಮ್ಮ ವಂಶದಲ್ಲಿ ಯಾರಿಗೆ ಲೆಕ್ಕ ಬಂದಿದೆ, ಇವನಿಗೆ ಬರೋಕೆ" ಎಂದು ನಗುತ್ತಲೇ ಹೇಳುತ್ತೇವೆ. ಹೇಳಿದ ನಮಗೆ ಅದು ತಮಾಷೆ. ಕೇಳಿದ ಮಗುವಿಗೆ ಅದು ತೀರ್ಪು. ಸಣ್ಣವನಿಗೂ ಸಾಧ್ಯ ಎಂಬ ಬಂಡೆಯ ಮಾತು ಮೇಷ್ಟ್ರಿಗೆ ಎಷ್ಟೋ ನಮಗೂ ಅಷ್ಟೇ.

ಆದರೆ ಸಾಧ್ಯ ಎಂದಮಾತ್ರಕ್ಕೆ ನಾಳೆಯೇ ಆಗಬೇಕೆಂದಲ್ಲ. ಆ ಶಾಸನದಲ್ಲಿ ನನಗೆ ಬಹಳ ಇಷ್ಟವಾದ ಒಂದು ಲೆಕ್ಕವಿದೆ. ಈ ಕೆಲಸ ಬೆಳೆಯುತ್ತದೆ, ಚೆನ್ನಾಗಿ ಬೆಳೆಯುತ್ತದೆ, ಕಡಿಮೆಯೆಂದರೂ ಒಂದೂವರೆಯಷ್ಟು ಬೆಳೆಯುತ್ತದೆ ಎಂದು ಅಶೋಕ ಹೇಳುತ್ತಾನೆ. ನೂರು ಪಟ್ಟು ಎನ್ನಲಿಲ್ಲ, ಒಂದೂವರೆ ಎಂದ. ಇವತ್ತು ಹತ್ತು ಪದ ಓದುವ ಮಗು ಮುಂದಿನ ತಿಂಗಳಿಗೆ ಹದಿನೈದು ಪದ ಓದಲಿ, ಅಷ್ಟು ಸಾಕು. ಹದಿನೈದಕ್ಕೆ ಮತ್ತೆ ಒಂದೂವರೆ ಕಟ್ಟಿದರೆ ಇಪ್ಪತ್ತೆರಡೂವರೆ. ಹೀಗೇ ಲೆಕ್ಕ ಹಾಕುತ್ತಾ ಹೋಗಿ, ವರ್ಷದ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂದು ನೀವೇ ಬೆರಗಾಗುತ್ತೀರಿ.

ಮೂರನೇ ಪಾಠ: ಗೌರವ ಕೇಳಿ ಪಡೆಯುವುದಲ್ಲ

ಶಾಸನದ ಎರಡನೇ ಭಾಗದಲ್ಲಿ ಗುರುಶಿಷ್ಯರ ಮಾತು ಬರುತ್ತದೆ. ತಂದೆ ತಾಯಿಯ ಮಾತು ಕೇಳಬೇಕು, ಹಿರಿಯರ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆಯಿರಬೇಕು, ಸತ್ಯವನ್ನೇ ಹೇಳಬೇಕು. ಇಷ್ಟು ಹೇಳಿ, ಆಮೇಲೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು, ಇದು ಹಳೆಯ ಕಾಲದಿಂದ ಬಂದ ನಡೆ, ಇದರಿಂದ ದೀರ್ಘಾಯುಷ್ಯ ಎಂದು ಮುಗಿಸುತ್ತಾನೆ.

ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಸಾಲನ್ನು ಮಾತ್ರ ಎತ್ತಿಕೊಂಡು ಭಾಷಣ ಮಾಡುವುದು ಸುಲಭ. ಆದರೆ ಆ ಸಾಲಿಗೆ ಮುಂಚೆ ಏನಿದೆ ನೋಡಿ. ದಯೆ ಇದೆ, ಸತ್ಯ ಇದೆ. ಅವೆರಡೂ ಶಿಷ್ಯನಿಗೆ ಮಾತ್ರ ಹೇಳಿದ್ದಲ್ಲ, ಎಲ್ಲರಿಗೂ ಹೇಳಿದ್ದು. ಅಂದರೆ ಆಚಾರ್ಯನಿಗೂ. ಬಾಯಿಲ್ಲದ ಪ್ರಾಣಿಯ ಮೇಲೂ ದಯೆ ಇರಬೇಕೆಂದ ಮೇಲೆ, ಎದುರಿಗೆ ಕೂತ ಮಗುವಿನ ಮೇಲೆ ಇರಬೇಡವೇ? ಗೊತ್ತಿಲ್ಲದ್ದನ್ನು "ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳ್ತೀನಿ" ಎನ್ನುವುದೇ ತರಗತಿಯ ಸತ್ಯ. ದಯೆಯೂ ಸತ್ಯವೂ ಇದ್ದ ಕಡೆ ಗೌರವ ತಾನಾಗಿ ಬರುತ್ತದೆ.

ಶಿಷ್ಯನಿಗೆ ಶಾಸನದಲ್ಲಿ "ಅಂತೇವಾಸಿ" ಎಂಬ ಪದವಿದೆ. ಹತ್ತಿರದಲ್ಲಿ ವಾಸಿಸುವವನು ಎಂದರ್ಥ. ಗುರುವಿನ ಮನೆಯಲ್ಲೇ ಇದ್ದು ಕಲಿಯುವ ಕಾಲ ಈಗಿಲ್ಲ. ಆದರೂ ಹತ್ತಿರ ಬರಲು ಹೆದರುವ ಮಗು ಅಂತೇವಾಸಿ ಆಗಲಾರದು ಎಂಬುದು ಇಂದಿಗೂ ನಿಜ.

ಇದಕ್ಕೊಂದು ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ತಳುಕು ಎಂಬ ಊರಿದೆ. 1885ರಲ್ಲಿ ಹುಟ್ಟಿದ ಟಿ.ಎಸ್. ವೆಂಕಣ್ಣಯ್ಯನವರು ಆ ಊರಿನ ಮನೆತನದವರು. ತಳುಕಿನ ವೆಂಕಣ್ಣಯ್ಯ ಎಂದೇ ಹೆಸರಾದವರು. ಎತ್ತರದ ಆಳು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿ ಶುರುವಾದಾಗ, ಮಲೆನಾಡಿನ ಕುಪ್ಪಳಿಯ ಒಬ್ಬ ಯುವಕ ತತ್ತ್ವಶಾಸ್ತ್ರದಲ್ಲಿ ಬಿ.ಎ. ಮುಗಿಸಿದ್ದ. ಕನ್ನಡ ಎಂ.ಎ. ಓದಲು ಆ ಯುವಕನನ್ನು ಹುರಿದುಂಬಿಸಿದವರು ವೆಂಕಣ್ಣಯ್ಯನವರು. ಕನ್ನಡ ಓದಿದರೆ ಹೊಟ್ಟೆಗೇನು ಎಂದು ಜನ ಕೇಳುತ್ತಿದ್ದ ಕಾಲ ಅದು. ಆ ಯುವಕ ಯಾರೆಂದು ನಿಮಗೆ ಆಗಲೇ ಗೊತ್ತಾಗಿರಬೇಕು: ಕುವೆಂಪು.

ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಕುವೆಂಪು ಅವರ ಶ್ರೀರಾಮಾಯಣ ದರ್ಶನಂ ಆಗ ಇನ್ನೂ ಮುಗಿದಿರಲಿಲ್ಲ. ಅದು ಅಚ್ಚಾಗಿ ಹೊರಬಂದದ್ದು ಹತ್ತು ವರ್ಷದ ನಂತರ. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿ ತಂದ ಆ ಮಹಾಕಾವ್ಯವನ್ನು ಕುವೆಂಪು ಯಾರಿಗೆ ಅರ್ಪಿಸಿದರು ಗೊತ್ತೇ? ರಾಜರಿಗಲ್ಲ, ಮಂತ್ರಿಗಳಿಗಲ್ಲ. ಬದುಕಿಲ್ಲದ ತಮ್ಮ ಮೇಷ್ಟ್ರು ವೆಂಕಣ್ಣಯ್ಯನವರಿಗೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಮಾಡದಿದ್ದರೆ ಕೇಳುವವರೂ ಇರಲಿಲ್ಲ. ಗೌರವ ಎಂದರೆ ಇದು. ಸಿದ್ದಾಪುರದ ಬಂಡೆ ಹೇಳಿದ ಮಾತು ತಳುಕಿನ ಮೇಷ್ಟ್ರ ವಿಷಯದಲ್ಲಿ ಹೀಗೆ ನಿಜವಾಯಿತು.

ಇನ್ನೊಂದು ಸಂಗತಿ. ವೆಂಕಣ್ಣಯ್ಯನವರ ತಮ್ಮ ತ.ಸು. ಶಾಮರಾಯರೂ ಕನ್ನಡ ಪ್ರಾಧ್ಯಾಪಕರಾದರು. ದುರ್ಗದ ಪಾಳೆಯಗಾರರ ಕಥೆಗಳನ್ನು ಕಾದಂಬರಿಗಳಾಗಿ ಬರೆದ ತ.ರಾ.ಸು. ಇದೇ ಮನೆತನದವರು. ಅಜ್ಜಂದಿರು ಅವನ್ನು ಓದಿಯೇ ಇರುತ್ತಾರೆ, ಕೇಳಿ ನೋಡಿ. ಒಂದು ಮನೆಯಲ್ಲಿ ಒಬ್ಬರು ಓದಿ ಓದಿಸಿದರೆ ಅದು ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದಕ್ಕೆ ಸಾಕ್ಷಿ.

ನಾಲ್ಕನೇ ಪಾಠ: ಸಿಟ್ಟು ಬೇಡ, ಆತುರ ಬೇಡ

ಅಶೋಕನ ಇನ್ನೊಂದು ಶಾಸನ ಒಡಿಶಾದ ಧೌಲಿಯಲ್ಲಿದೆ. ಅದೇ ಶಾಸನದ ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಅದು ನ್ಯಾಯ ಹೇಳುವ ನಗರದ ಅಧಿಕಾರಿಗಳಿಗೆ ಕೊಟ್ಟ ಬುದ್ಧಿಮಾತು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಹೇಳಿ, ಕೆಲಸ ಕೆಡಿಸುವ ಏಳು ಕೆಟ್ಟ ಗುಣಗಳನ್ನು ಪಟ್ಟಿ ಮಾಡುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಇವು ನನ್ನಲ್ಲಿ ಇರದಿರಲಿ ಎಂದು ಅಧಿಕಾರಿ ಬಯಸಬೇಕು, ಇದಕ್ಕೆಲ್ಲ ಬೇರು ಎಂದರೆ ಸಿಟ್ಟಾಗದಿರುವುದು ಮತ್ತು ಆತುರಪಡದಿರುವುದು ಎನ್ನುತ್ತಾನೆ.

ನಾಳಿನ ಶಿಕ್ಷಕರು ಈ ಏಳನ್ನೂ ಬರೆದು ಪಾಠದ ಡೈರಿಯ ಮೊದಲ ಪುಟಕ್ಕೆ ಅಂಟಿಸಿಕೊಳ್ಳಬೇಕು ಎಂದು ನನಗನ್ನಿಸುತ್ತದೆ. ಪಟ್ಟಿಯಲ್ಲಿ ಕ್ರೌರ್ಯದ ಪಕ್ಕದಲ್ಲೇ ಆತುರವೂ ಇದೆ. ನಾವು ಆತುರವನ್ನು ತಪ್ಪೆಂದೇ ಎಣಿಸುವುದಿಲ್ಲ. "ಪೋರ್ಷನ್ ಮುಗೀಬೇಕಲ್ಲ" ಎನ್ನುತ್ತೇವೆ. ಪೋರ್ಷನ್ ಮುಗಿಯುತ್ತದೆ, ಹಿಂದಿನ ಸಾಲಿನ ನಾಲ್ಕು ಮಕ್ಕಳು ಎರಡನೇ ಪಾಠದಲ್ಲೇ ಉಳಿದಿರುತ್ತಾರೆ.

ಆತುರಪಡದ ಒಬ್ಬ ಮೇಷ್ಟ್ರ ಕಥೆಯನ್ನು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ರಾಮೇಶ್ವರದ ಶಾಲೆಯಲ್ಲಿ ಕಲಾಂ ಐದನೇ ತರಗತಿ. ಮೇಷ್ಟ್ರು ಶಿವಸುಬ್ರಹ್ಮಣ್ಯ ಅಯ್ಯರ್ ಕಪ್ಪು ಹಲಗೆಯ ಮೇಲೆ ಹಕ್ಕಿಯ ಚಿತ್ರ ಬರೆದು, ಅದು ರೆಕ್ಕೆ ಬಡಿದು ಹೇಗೆ ಹಾರುತ್ತದೆ, ಬಾಲದಿಂದ ದಿಕ್ಕು ಹೇಗೆ ಬದಲಿಸುತ್ತದೆ ಎಂದು ವಿವರಿಸಿದರು. ಕೊನೆಗೆ "ಅರ್ಥವಾಯಿತೇ?" ಎಂದು ಕೇಳಿದರು. ಪುಟ್ಟ ಕಲಾಂ ಅರ್ಥವಾಗಲಿಲ್ಲ ಎಂದ. ಇನ್ನೂ ಹಲವು ಮಕ್ಕಳು ಹಾಗೇ ಎಂದರು. ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಅವತ್ತು ಸಂಜೆ ಇಡೀ ತರಗತಿಯನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಹಾರುತ್ತಿದ್ದ ಹಕ್ಕಿಗಳನ್ನೇ ತೋರಿಸಿ ಪಾಠ ಮಾಡಿದರು. ಹಾರಾಟದ ವಿದ್ಯೆಯನ್ನೇ ಕಲಿಯಬೇಕೆಂಬ ಆಸೆ ತನಗೆ ಹುಟ್ಟಿದ್ದು ಆ ಸಂಜೆ ಎಂದು ಕಲಾಂ ಹೇಳುತ್ತಿದ್ದರು.

"ಅರ್ಥವಾಗಲಿಲ್ಲ" ಎಂದ ಆ ಹುಡುಗನಿಗೆ ಅಂದು ಬೆತ್ತ ಬಿದ್ದಿದ್ದರೆ? ಅಥವಾ "ಗಮನ ಎಲ್ಲಿತ್ತು ನಿಂದು" ಎಂಬ ಬೈಗುಳ ಬಿದ್ದಿದ್ದರೆ? ಮುಂದಿನ ಸಲ ಅವನು "ಅರ್ಥವಾಯ್ತು ಸಾರ್" ಎಂದು ಸುಳ್ಳು ಹೇಳುತ್ತಿದ್ದ. ಸತ್ಯ ಹೇಳಿದ ಮಗುವನ್ನು ಬೈದರೆ ಸುಳ್ಳು ಹೇಳಲು ನಾವೇ ಕಲಿಸಿದಂತೆ.

ಚಳ್ಳಕೆರೆಯ ಮಕ್ಕಳೇ, ಈ ಕಥೆಗೆ ನಿಮ್ಮ ಊರಿನ ನಂಟೂ ಇದೆ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯಿರುವ ಒಂದು ವಾಹನವನ್ನು ಹೆಲಿಕಾಪ್ಟರಿನಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಆಕಾಶದಲ್ಲಿ ಬಿಟ್ಟರು. ಒಳಗೆ ಯಾರೂ ಇರಲಿಲ್ಲ. ಅದು ತಾನೇ ದಾರಿ ಹುಡುಕಿಕೊಂಡು, ಚಳ್ಳಕೆರೆ ಹತ್ತಿರದ ವೈಮಾನಿಕ ಪರೀಕ್ಷಾ ವಲಯದ ರನ್‌ವೇ ಮೇಲೆ ಹಕ್ಕಿಯ ಹಾಗೆ ಬಂದು ಇಳಿಯಿತು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬಂದು ಮತ್ತೆ ಹೋಗುವಂಥ ವಾಹನವನ್ನು ಕಟ್ಟುವ ದಾರಿಯಲ್ಲಿ ಅದೊಂದು ಪರೀಕ್ಷೆ. ರಾಮೇಶ್ವರದ ಮೇಷ್ಟ್ರಿಗೆ ಸಮುದ್ರದ ದಂಡೆ ಇತ್ತು. ನಿಮ್ಮ ಮೇಷ್ಟ್ರಿಗೆ ಈ ಬಯಲು ಇದೆ, ಮೇಲೆ ತೇಲುವ ಹದ್ದು ಗಿಡುಗಗಳಿವೆ, ಹಾರಿ ಬಂದು ಇಳಿಯುವ ಯಂತ್ರದ ಹಕ್ಕಿಯೂ ಇದೆ.

ಐದನೇ ಪಾಠ: ಒಬ್ಬನೇ ಇದ್ದರೂ

ಧೌಲಿಯ ಅದೇ ಶಾಸನದ ಕೊನೆಯಲ್ಲಿ ಇನ್ನೊಂದು ಮಾತಿದೆ. ತಿಷ್ಯ ನಕ್ಷತ್ರದ ದಿನ, ಅಂದರೆ ನಮ್ಮ ಪುಷ್ಯ ನಕ್ಷತ್ರದ ದಿನ, ಈ ಶಾಸನವನ್ನು ಜನರು ಕೇಳಬೇಕು, ನಡುನಡುವೆ ಬೇರೆ ದಿನಗಳಲ್ಲೂ ಕೇಳಬಹುದು, ಕೇಳುವವನು ಒಬ್ಬನೇ ಇದ್ದರೂ ಸರಿ ಎಂದು ಅಲ್ಲಿ ಬರೆದಿದೆ.

ಇಷ್ಟು ದೊಡ್ಡ ಸಾಮ್ರಾಜ್ಯದ ದೊರೆ ಒಬ್ಬನೇ ಕೇಳುಗನ ಬಗ್ಗೆಯೂ ಯೋಚಿಸಿದ್ದ. ಸಣ್ಣ ಹಟ್ಟಿಯ ಶಾಲೆಗಳಲ್ಲಿ ಜಾತ್ರೆಯ ಮಾರನೇ ದಿನ, ಮಳೆ ಬಿದ್ದು ಬಿತ್ತನೆ ಶುರುವಾದ ದಿನ ಮೂರು ಮಕ್ಕಳೋ ಇಬ್ಬರೋ ಬಂದಿರುತ್ತಾರೆ. "ಇಬ್ಬರಿಗೆ ಏನು ಪಾಠ ಮಾಡೋದು, ಆಟ ಆಡ್ಕೊಳ್ಳಿ" ಎನ್ನುವುದು ಸುಲಭ. ಆದರೆ ಅಷ್ಟು ದೂರ ನಡೆದು ಬಂದ ಆ ಇಬ್ಬರಿಗೆ ಮೇಷ್ಟ್ರು ಅವತ್ತು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಥೆ ಓದಿಸಿದರೆ, ಆ ದಿನವನ್ನು ಅವರು ಜೀವಮಾನದಲ್ಲಿ ಮರೆಯುವುದಿಲ್ಲ. ಅಂತೇವಾಸಿ ಎಂದರೆ ಹತ್ತಿರ ಕೂತವನು ಎಂದೆವಲ್ಲ, ಅಂಥ ದಿನ ಸಿಗುವುದು ಇಬ್ಬರೇ ಬಂದಾಗ.

ಓದಿ ಹೇಳುವವರು ಬೇಕು

ಕೊನೆಗೆ ಒಂದು ಪ್ರಶ್ನೆ. ಸಿದ್ದಾಪುರದ ಬಂಡೆಯ ಮೇಲೆ ಇರುವುದು ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಈ ಸೀಮೆಯ ಜನ ಮನೆಯಲ್ಲಿ ಆಡುತ್ತಿದ್ದದ್ದು ಆ ಭಾಷೆಯಲ್ಲ. ಹಾಗಾದರೆ ಎಮ್ಮೆ ಕಾಯುವವನಿಗೆ, ಬಳೆ ಮಾರುವವನಿಗೆ ಅದು ತಿಳಿದದ್ದು ಹೇಗೆ? ಯಾರೋ ಬಂಡೆಯ ಪಕ್ಕ ನಿಂತು, ಅಕ್ಷರ ತೋರಿಸಿ, ಜನರ ಮಾತಿನಲ್ಲಿ ಬಿಡಿಸಿ ಹೇಳಿರಲೇಬೇಕು. ಆ ಮನುಷ್ಯನ ಹೆಸರು ನಮಗೆ ಸಿಕ್ಕಿಲ್ಲ. ಕೆತ್ತಲು ಬರೆದುಕೊಟ್ಟವನ ಹೆಸರು ಮಾತ್ರ ಶಾಸನದ ಕೊನೆಯಲ್ಲಿದೆ: ಲಿಪಿಕಾರ ಚಪಡ. ಲಿಪಿಕಾರ ಎಂಬ ಮಾತನ್ನು ಅವನು ಖರೋಷ್ಠಿ ಎಂಬ ಬೇರೆಯೇ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಭಾರತದ ವಾಯವ್ಯ ಮೂಲೆಯಲ್ಲಿ ಬಳಕೆಯಲ್ಲಿದ್ದ ಲಿಪಿ ಅದು.

ಕಾಲ ಕಳೆಯಿತು. ಬ್ರಾಹ್ಮಿ ಓದುವವರೇ ಇಲ್ಲದಂತಾಯಿತು. ಶತಮಾನಗಳ ಕಾಲ ಆ ಅಕ್ಷರಗಳು ಬಂಡೆಯ ಮೇಲಿನ ಗೀಚುಗಳಾಗಿ ಉಳಿದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು ಬ್ರಾಹ್ಮಿಯನ್ನು ಮತ್ತೆ ಓದುವುದನ್ನು ಕಂಡುಹಿಡಿದರು. ಅದೇ 1837ರಲ್ಲಿ ಬೆಂಗಳೂರಿನಲ್ಲಿ ಬಿ.ಎಲ್. ರೈಸ್ ಹುಟ್ಟಿದರು. ರೈಸ್ ಮೊದಲು ಬೆಂಗಳೂರಿನಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರ್, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್. ಶಾಲೆ ನೋಡಲೆಂದು ಊರೂರು ತಿರುಗುವಾಗಲೇ ಅವರಿಗೆ ಶಾಸನಗಳ ಮೇಲೆ ಕಣ್ಣು ಬಿದ್ದದ್ದು. 1892ರಲ್ಲಿ ಸಿದ್ದಾಪುರ ಸೀಮೆಯ ಈ ಮೂರು ಶಾಸನಗಳನ್ನು ಜಗತ್ತಿಗೆ ತೋರಿಸಿದವರು ಅವರೇ. ಎಲ್ಲರೂ ದಿನಾ ನೋಡುತ್ತಿದ್ದ ಬಂಡೆಯಲ್ಲಿ ಮಾತಿದೆ ಎಂದು ಕಂಡದ್ದು ಮೇಷ್ಟ್ರಾಗಿದ್ದವರಿಗೆ.

ಮಕ್ಕಳೇ, ಮೇಷ್ಟ್ರ ಕೆಲಸ ಎಂದರೆ ಇದೇ. ಒಳ್ಳೆಯ ಮಾತು ಲೋಕದಲ್ಲಿ ಬೇಕಾದಷ್ಟಿದೆ. ಪುಸ್ತಕದಲ್ಲಿದೆ, ಕಲ್ಲಿನ ಮೇಲೂ ಇದೆ. ಅದನ್ನು ಎದುರಿಗಿರುವ ಮಗುವಿಗೆ, ಆ ಮಗುವಿನ ಮಾತಿನಲ್ಲಿ, ಸಿಟ್ಟಿಲ್ಲದೆ ಆತುರವಿಲ್ಲದೆ ಓದಿ ಹೇಳುವವರು ಬೇಕು. ನಿಮ್ಮಲ್ಲಿ ಯಾರು ಮುಂದೆ ಶಿಕ್ಷಕರಾಗುತ್ತೀರೋ, ಮೊದಲ ದಿನ ತರಗತಿಗೆ ಕಾಲಿಡುವಾಗ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಮಗುವನ್ನು ನೋಡಿ ಮನಸ್ಸಿನಲ್ಲೇ ಹೇಳಿಕೊಳ್ಳಿ: ಸಣ್ಣವನಿಗೂ ಸಾಧ್ಯ.

ಈ ವಾರ ಮಾಡಿ ನೋಡಿ

ನಿಮಗೆ ಚೆನ್ನಾಗಿ ಬರುವ ಒಂದು ಸಣ್ಣ ಸಂಗತಿಯನ್ನು ಅಜ್ಜನಿಗೋ ಅಜ್ಜಿಗೋ ಕಲಿಸಿ. ಮೊಬೈಲಿನಲ್ಲಿ ಫೋಟೋ ಕಳಿಸುವುದಾಗಲಿ, ಒಂದು ಇಂಗ್ಲಿಷ್ ಪದವಾಗಲಿ, ಏನಾದರೂ ಆದೀತು. ಅವರು "ಅರ್ಥ ಆಗ್ಲಿಲ್ಲ ಕಣಪ್ಪಾ" ಎಂದಾಗ ನಿಮಗೆ ಸಿಟ್ಟು ಬರುತ್ತದೆಯೇ, ಆತುರವಾಗುತ್ತದೆಯೇ ಎಂದು ನೋಡಿಕೊಳ್ಳಿ. ಆಮೇಲೆ ಸರದಿ ಬದಲಿಸಿ. ರಾಗಿ ಮುದ್ದೆ ತಿರುವುವುದನ್ನೋ ಕೌದಿ ಹೊಲೆಯುವುದನ್ನೋ ಅವರಿಂದ ಕಲಿಯಿರಿ.

ರಜೆಯಲ್ಲಿ ಸಾಧ್ಯವಾದರೆ ಮನೆಯವರ ಜೊತೆ ಸಿದ್ದಾಪುರಕ್ಕೆ, ಬ್ರಹ್ಮಗಿರಿಗೆ ಹೋಗಿ ಬನ್ನಿ. ಬಂಡೆಯನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಬೇಡಿ, ಅದರ ಮೇಲೆ ಹೆಸರು ಗೀಚಬೇಡಿ. ತನ್ನ ಹೆಸರು ಬರೆಯುವ ಹಕ್ಕು ಅಲ್ಲಿ ಇದ್ದದ್ದು ಚಪಡನಿಗೆ ಮಾತ್ರ. ಅವನೂ ಇಡೀ ಕೆಲಸ ಮುಗಿಸಿದ ಮೇಲೆ, ಕೊನೆಯಲ್ಲಿ, ಚಿಕ್ಕದಾಗಿ ಬರೆದ.